ಮಂಗೋಲಿಯಾದ ಚೆಸ್ ಆಟಗಾರ್ತಿಯೊಬ್ಬರ ವೃತ್ತಿಜೀವನವನ್ನು ಬರೆಯುವುದು ಹೇಗೆ

ಮೊಂಗೊನ್‌ತೂಲ್, ಮೊಂಗೊನ್‌ಜುಲ್, ಮೊಂಖ್‌ಜುಲ್. ಮಂಗೋಲಿಯಾದ ಮಹಿಳಾ ಚೆಸ್ ಕುರಿತು ಬರೆಯಹೊರಟವರಿಗೆ ಮೊದಲ ದಿನವೇ ಎದುರಾಗುವ ಹೆಸರುಗಳಿವು. ಮೂವರೂ ಬೇರೆ ಬೇರೆ ಆಟಗಾರ್ತಿಯರು, ಮೂವರೂ ತಮ್ಮ ದೇಶದ ಪರವಾಗಿ ಆಡಿದವರು. ಇಂಥ ಬರಹಕ್ಕೆ ಮೊದಲ ಸಲ ಕೈಹಾಕಿದಾಗ ನಾನು ಒಬ್ಬರ ಆಟಗಳನ್ನು ಇನ್ನೊಬ್ಬರ ಕಡತಕ್ಕೆ ಸೇರಿಸಿಬಿಟ್ಟಿದ್ದೆ. ಟೂರ್ನಿಯ ದಿನಾಂಕಕ್ಕೂ ಆಟಗಾರ್ತಿಯ ವಯಸ್ಸಿಗೂ ತಾಳೆಯಾಗದೇ ಹೋದಾಗಲೇ ತಪ್ಪು ಗೊತ್ತಾಗಿದ್ದು, ಬರೆದದ್ದೆಲ್ಲವನ್ನೂ ಮೊದಲಿನಿಂದ ತಿದ್ದಬೇಕಾಯಿತು. ಆ ತಪ್ಪು ಇನ್ನೊಬ್ಬರಿಗೆ ಆಗದಿರಲಿ ಎಂಬುದು ಈ ಮಾರ್ಗದರ್ಶಿಗೆ ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಮುಖ್ಯವಾದದ್ದು: ಈ ಆಟಗಾರ್ತಿಯರ ಬಗ್ಗೆ ಸಿಗುವ ಬರಹಗಳು ಬಹುಪಾಲು ಒಂದು ಪಟ್ಟ, ಒಂದು ಗರಿಷ್ಠ ರೇಟಿಂಗ್ (ಆಟದ ಬಲವನ್ನು ಅಳೆಯುವ ಅಂಕಿ), ನಾಲ್ಕಾರು ಟೂರ್ನಿಗಳ ಹೆಸರು ಇಷ್ಟಕ್ಕೇ ನಿಂತುಬಿಡುತ್ತವೆ. ಆ ಅಂಕಿಗಳ ಹಿಂದೆ ಎಂಥ ಎದುರಾಳಿಗಳಿದ್ದರು, ಎಂಥ ಅವಕಾಶಗಳಿದ್ದವು, ಎಷ್ಟು ದೂರದ ಪ್ರಯಾಣವಿತ್ತು ಎಂಬುದನ್ನು ವರ್ಷವರ್ಷವಾಗಿ ಬಿಡಿಸಿ ನೋಡಿದಾಗ ಮಾತ್ರ ಅದು ಒಬ್ಬ ವ್ಯಕ್ತಿಯ ಕಥನವಾಗುತ್ತದೆ.

ಮೊದಲು ಹೆಸರು ಸರಿಮಾಡಿಕೊಳ್ಳಿ

ಮಂಗೋಲಿಯನ್ನರ ಹೆಸರಿನಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ತಂದೆಯ ಹೆಸರು, ಅದೂ ಷಷ್ಠೀ ವಿಭಕ್ತಿಯಲ್ಲಿ. ಬಾತ್‌ಖುಯಾಗೀನ್ ಮೊಂಗೊನ್‌ತೂಲ್ ಎಂದರೆ ‘ಬಾತ್‌ಖುಯಾಗ್ ಅವರ ಮೊಂಗೊನ್‌ತೂಲ್’ ಎಂದು ಅರ್ಥ. ಅಲ್ಲಿನ ಪತ್ರಿಕೆಗಳು ತಂದೆಯ ಹೆಸರಿನ ಮೊದಲ ಅಕ್ಷರವನ್ನಷ್ಟೇ ಮುಂದಿಟ್ಟು ‘ಬಿ. ಮೊಂಗೊನ್‌ತೂಲ್’ ಎಂಬ ರೀತಿಯಲ್ಲಿ ಬರೆಯುತ್ತವೆ. ಇನಿಷಿಯಲ್ ಇಟ್ಟುಕೊಳ್ಳುವ ರೂಢಿಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಪಾಶ್ಚಾತ್ಯ ಪದ್ಧತಿಯನ್ನು ಅನುಸರಿಸುವ ವರದಿಗಳು ತಂದೆಯ ಹೆಸರನ್ನು ಕುಲನಾಮವೆಂದು ಭಾವಿಸಿ, ಲೇಖನದುದ್ದಕ್ಕೂ ಆಟಗಾರ್ತಿಯನ್ನು ‘ಬಾತ್‌ಖುಯಾಗ್’ ಎಂದೇ ಕರೆಯುವುದುಂಟು. ಅದು ಅವರ ತಂದೆಯನ್ನು ಕರೆದಂತೆ. ಮೊದಲ ಉಲ್ಲೇಖದಲ್ಲಿ ಪೂರ್ಣ ಹೆಸರನ್ನು ಕೊಟ್ಟು, ಮುಂದಿನ ಎಲ್ಲ ಕಡೆ ಸ್ವಂತ ಹೆಸರನ್ನೇ ಬಳಸಬೇಕು. ತುವ್‌ಶಿನ್‌ತುಗ್ಸ್ ಬಾತ್‌ಚಿಮೆಗ್ ಅವರ ಬಗ್ಗೆ ಬರೆಯುವಾಗ ಎರಡನೇ ವಾಕ್ಯದಿಂದ ಅವರು ಬಾತ್‌ಚಿಮೆಗ್.

ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ಪಟ್ಟಿಯಲ್ಲಿ ಈ ಕ್ರಮ ಹಲವು ಸಲ ತಿರುಗುಮುರುಗಾಗಿ ಕಾಣುತ್ತದೆ: ಸ್ವಂತ ಹೆಸರು ಮೊದಲು, ಅಲ್ಪವಿರಾಮದ ನಂತರ ತಂದೆಯ ಹೆಸರು. ಇದರ ಜೊತೆಗೆ ಕಾಗುಣಿತದ ತೊಡಕೂ ಇದೆ. ಮಂಗೋಲಿಯನ್ ಭಾಷೆಯನ್ನು ಬರೆಯುವ ಸಿರಿಲಿಕ್ ಲಿಪಿಯಲ್ಲಿ ರಷ್ಯನ್ ವರ್ಣಮಾಲೆಯಲ್ಲಿಲ್ಲದ ಎರಡು ಸ್ವರಾಕ್ಷರಗಳಿವೆ. ಲ್ಯಾಟಿನ್ ಲಿಪಿಗೆ ಇಳಿಸುವಾಗ ಅವುಗಳನ್ನು ಒಬ್ಬರು ‘ಒ’ಕಾರವಾಗಿ, ಇನ್ನೊಬ್ಬರು ‘ಉ’ಕಾರವಾಗಿ ಬರೆಯುತ್ತಾರೆ. ಹೀಗಾಗಿ ಮೊಂಗೊನ್‌ತೂಲ್ ಅವರೇ ಮುಂಗುನ್‌ತೂಲ್, ಮೊಂಖ್‌ಜುಲ್ ಅವರೇ ಮುಂಖ್‌ಜುಲ್. ಹುಡುಕುವಾಗ ಎರಡೂ ರೂಪಗಳನ್ನು ಪ್ರಯತ್ನಿಸಿ, ಬರೆಯುವಾಗ ಒಂದನ್ನೇ ಆರಿಸಿಕೊಂಡು ಕೊನೆಯವರೆಗೆ ಅದಕ್ಕೇ ಬದ್ಧರಾಗಿರಿ. ದೇಶದ ಸಂಕೇತಾಕ್ಷರಗಳು ‘ಎಂಜಿಎಲ್’. ಬೇರೆ ಕ್ಷೇತ್ರಗಳಲ್ಲಿ ಬಳಕೆಯಲ್ಲಿರುವ ‘ಎಂಎನ್‌ಜಿ’ ಎಂದು ಹುಡುಕಿದರೆ ಚೆಸ್ ಪಟ್ಟಿಗಳಲ್ಲಿ ಏನೂ ಸಿಗುವುದಿಲ್ಲ. ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದದ್ದು ಪ್ರತಿ ಆಟಗಾರ್ತಿಗೂ ಫಿಡೆ ಕೊಟ್ಟಿರುವ ಗುರುತಿನ ಸಂಖ್ಯೆ. ಕಡತದ ಮೊದಲ ಸಾಲಿನಲ್ಲಿ ಆ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಸಂಗ್ರಹಿಸಿದ ಪ್ರತಿಯೊಂದು ಫಲಿತಾಂಶವನ್ನೂ ಅದಕ್ಕೆ ಹೋಲಿಸಿಯೇ ಒಳಗೆ ಬಿಟ್ಟುಕೊಳ್ಳಬೇಕು.

ಹೆಸರುಗಳ ಅರ್ಥ ತಿಳಿದಿದ್ದರೆ ಗೊಂದಲ ಮತ್ತಷ್ಟು ಕಡಿಮೆಯಾಗುತ್ತದೆ. ‘ಮೊಂಗೊನ್’ ಎಂದರೆ ಬೆಳ್ಳಿ; ‘ತೂಲ್’ ರಾಜಧಾನಿ ಉಲಾನ್‌ಬಾತರ್‌ನ ಪಕ್ಕದಲ್ಲಿ ಹರಿಯುವ ನದಿ. ‘ಜುಲ್’ ಎಂದರೆ ದೀಪ, ‘ಮೊಂಖ್’ ಎಂದರೆ ಶಾಶ್ವತ. ಅಲ್ಲಿಗೆ ಮೊದಲನೆಯವರು ಬೆಳ್ಳಿಯ ತೂಲ್, ಎರಡನೆಯವರು ಬೆಳ್ಳಿಯ ದೀಪ, ಮೂರನೆಯವರು ನಂದಾದೀಪ. ಹೀಗೆ ಒಮ್ಮೆ ಮನಸ್ಸಿಗೆ ತಂದುಕೊಂಡ ಮೇಲೆ ನಾನು ಮತ್ತೆಂದೂ ಅದಲುಬದಲು ಮಾಡಿಲ್ಲ. ದವಾದೆಂಬೆರೆಲ್ ನೋಮಿನ್-ಎರ್ದೆನೆ ಅವರ ಹೆಸರಿನಲ್ಲಿರುವ ‘ಎರ್ದೆನೆ’ಯಂತೂ ನಮ್ಮ ‘ರತ್ನ’ವೇ, ಸಂಸ್ಕೃತದ ಆ ಪದ ಮಧ್ಯ ಏಷ್ಯಾದ ಭಾಷೆಗಳ ಮೂಲಕ ಹಾದು ಹುಲ್ಲುಗಾವಲಿನ ನಾಡಿಗೆ ತಲುಪಿತು.

ರೇಟಿಂಗ್‌ನ ಗೆರೆಯನ್ನು ಓದುವ ಬಗೆ

ಫಿಡೆಯ ರೇಟಿಂಗ್ ತಾಣದಲ್ಲಿ ಆಟಗಾರ್ತಿಯ ಪುಟ ತೆರೆದರೆ ಅವರ ರೇಟಿಂಗ್ ಏರಿಳಿದ ನಕ್ಷೆ ಸಿಗುತ್ತದೆ. ಅದರ ತುದಿಯನ್ನು ಮಾತ್ರ ನೋಡಿ ‘ಗರಿಷ್ಠ ರೇಟಿಂಗ್ ಇಷ್ಟು’ ಎಂದು ಬರೆದು ಮುಗಿಸಬಾರದು. ಪಟ್ಟಿ ಹೊರಬರುವ ಅವಧಿಯೇ ಕಾಲದಿಂದ ಕಾಲಕ್ಕೆ ಬದಲಾಗಿದೆ: ಮೊದಲು ವರ್ಷಕ್ಕೆರಡು ಬಾರಿ, 2000ದ ನಂತರ ಮೂರು ತಿಂಗಳಿಗೊಮ್ಮೆ, 2009ರಿಂದ ಎರಡು ತಿಂಗಳಿಗೊಮ್ಮೆ, 2012ರಿಂದ ಪ್ರತಿ ತಿಂಗಳು. 1987ರಲ್ಲಿ ಹುಟ್ಟಿದ ಮೊಂಗೊನ್‌ತೂಲ್ ಅವರ ಹದಿಹರೆಯದ ಪಟ್ಟಿಗಳಲ್ಲಿ ಎರಡು ಮೂರು ಟೂರ್ನಿಗಳ ಲಾಭನಷ್ಟಗಳು ಒಂದೇ ಅಂಕಿಯಲ್ಲಿ ಕರಗಿಹೋಗಿವೆ. ಅವರಿಗಿಂತ ಕಿರಿಯ ತಲೆಮಾರಿನ ತೊರ್‌ಮೊಂಖ್ ಮೊಂಖ್‌ಜುಲ್ ಅವರ ನಕ್ಷೆಯಲ್ಲಿ ಒಂದೊಂದು ಟೂರ್ನಿಯ ಏರಿಳಿತವೂ ಬೇರೆ ಬೇರೆಯಾಗಿ ಕಾಣುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ ಹಿರಿಯರದು ಸಮತಟ್ಟಾದ ಆಟ, ಕಿರಿಯರದು ಅಸ್ಥಿರವಾದ ಆಟ ಎಂದು ತೀರ್ಮಾನಿಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಲೆಕ್ಕದ ಒಳಗುಟ್ಟನ್ನು ಒಂದು ಉದಾಹರಣೆಯಲ್ಲಿ ನೋಡೋಣ. 2300 ರೇಟಿಂಗ್‌ನ ಆಟಗಾರ್ತಿ 2400 ರೇಟಿಂಗ್‌ನವರೊಡನೆ ಆಡಿದರೆ ಆಕೆಯಿಂದ ನಿರೀಕ್ಷಿತವಾದದ್ದು 0.36 ಅಂಕ (ಗೆಲುವಿಗೆ 1, ಡ್ರಾಗೆ ಅರ್ಧ ಅಂಕ). ಗೆದ್ದರೆ ಆಕೆ ನಿರೀಕ್ಷೆಗಿಂತ 0.64 ಹೆಚ್ಚು ಪಡೆದಂತಾಯಿತು. ಇದನ್ನು ‘ಕೆ’ ಎಂಬ ಗುಣಕದಿಂದ ಗುಣಿಸುತ್ತಾರೆ. ಗುಣಕ 20 ಆಗಿದ್ದರೆ ಗಳಿಕೆ 12.8, ಒಮ್ಮೆ 2400 ಮುಟ್ಟಿದವರಿಗೆ ಗುಣಕ ಶಾಶ್ವತವಾಗಿ 10ಕ್ಕೆ ಇಳಿಯುವುದರಿಂದ ಅದೇ ಗೆಲುವಿಗೆ ಸಿಗುವುದು 6.4 ಮಾತ್ರ. ಹೊಸಬರಿಗೂ, 2300ರ ಕೆಳಗಿರುವ ಹದಿನೆಂಟರೊಳಗಿನ ಮಕ್ಕಳಿಗೂ ಗುಣಕ 40. ಹುಡುಗಿಯೊಬ್ಬಳು ಹದಿನಾಲ್ಕನೇ ವಯಸ್ಸಿನಲ್ಲಿ ಒಂದೇ ವರ್ಷದಲ್ಲಿ 150 ಅಂಕ ಏರಿ, ಇಪ್ಪತ್ತೈದನೇ ವಯಸ್ಸಿನಲ್ಲಿ ವರ್ಷಕ್ಕೆ 15 ಅಂಕ ಏರಿದರೆ ಪ್ರತಿಭೆ ಬತ್ತಿತು ಎಂದು ಬರೆಯುವ ಮುನ್ನ ಈ ಗುಣಕವನ್ನು ನೆನೆಯಬೇಕು.

ನಕ್ಷೆಯ ಗೆರೆ ತಿಂಗಳುಗಟ್ಟಲೆ ಅಲುಗಾಡದೆ ಅಡ್ಡಲಾಗಿ ಮಲಗಿರುವ ಜಾಗಗಳನ್ನು ನಾನು ಅತ್ಯಂತ ಎಚ್ಚರದಿಂದ ನೋಡುತ್ತೇನೆ. ಅಲ್ಲಿ ಆಟ ನಿಂತಿದೆ ಎಂದಷ್ಟೇ ಅರ್ಥ. ಏಕೆ ನಿಂತಿತು ಎಂಬುದನ್ನು ಗೆರೆ ಹೇಳುವುದಿಲ್ಲ. ಓದು, ಮಗು, ಕೆಲಸ, ತರಬೇತಿ ನೀಡುವ ಜವಾಬ್ದಾರಿ, ಹಣದ ಅಭಾವ ಯಾವುದೂ ಆಗಿರಬಹುದು. ಒಂದು ವರ್ಷ ಯಾವ ಆಟವನ್ನೂ ಆಡದಿದ್ದರೆ ಫಿಡೆ ಆ ಹೆಸರಿನ ಮುಂದೆ ‘ನಿಷ್ಕ್ರಿಯ’ ಎಂಬ ಗುರುತು ಹಾಕುತ್ತದೆ, ರೇಟಿಂಗ್ ಮಾತ್ರ ಹಾಗೇ ಉಳಿಯುತ್ತದೆ. ಆಟಗಾರ್ತಿ ತಾವೇ ಸಾರ್ವಜನಿಕವಾಗಿ ಹೇಳಿಕೊಂಡಿರದಿದ್ದರೆ ಕಾರಣವನ್ನು ಊಹಿಸಿ ಬರೆಯುವ ಹಕ್ಕು ನಮಗಿಲ್ಲ. ‘ಈ ಎರಡು ವರ್ಷ ಅವರು ಆಡಲಿಲ್ಲ’ ಎಂದು ಬರೆದರೆ ಸಾಕು.

1980ರ ದಶಕದ ಆಟಗಾರ್ತಿಯರ ಬಗ್ಗೆ ಬರೆಯುವವರು ಇನ್ನೊಂದು ಸಂಗತಿ ತಿಳಿದಿರಬೇಕು. 1987ರ ಜನವರಿಯ ಪಟ್ಟಿಯಲ್ಲಿ ಫಿಡೆ, ಹಂಗೇರಿಯ ಸುಸಾನ್ ಪೋಲ್ಗಾರ್ ಅವರನ್ನು ಬಿಟ್ಟು ಸಕ್ರಿಯ ಮಹಿಳೆಯರೆಲ್ಲರಿಗೂ 100 ಅಂಕಗಳನ್ನು ಕೂಡಿಸಿತು. ಆ ವರ್ಷದ ಏರಿಕೆ ಹಲಗೆಯ ಮೇಲೆ ಗಳಿಸಿದ್ದಲ್ಲ.

ಪಟ್ಟಗಳನ್ನು ತೂಗುವುದು

ಮಹಿಳೆಯರಿಗೆ ಮೀಸಲಾದ ಪಟ್ಟಗಳೂ ಎಲ್ಲರಿಗೂ ಮುಕ್ತವಾದ ಪಟ್ಟಗಳೂ ಬೇರೆ ಬೇರೆ ಏಣಿಗಳು. ಮಹಿಳಾ ಇಂಟರ್‌ನ್ಯಾಷನಲ್ ಮಾಸ್ಟರ್ ಪಟ್ಟಕ್ಕೆ 2200, ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಪಟ್ಟಕ್ಕೆ 2300, ಮುಕ್ತ ಇಂಟರ್‌ನ್ಯಾಷನಲ್ ಮಾಸ್ಟರ್ ಪಟ್ಟಕ್ಕೆ 2400 ರೇಟಿಂಗ್ ಮುಟ್ಟಬೇಕು. ಆದ್ದರಿಂದ ಹೆಸರಿನಲ್ಲಿ ‘ಗ್ರ್ಯಾಂಡ್’ ಇದ್ದರೂ ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಪಟ್ಟಕ್ಕಿಂತ ಇಂಟರ್‌ನ್ಯಾಷನಲ್ ಮಾಸ್ಟರ್ ಪಟ್ಟ ಕಷ್ಟದ್ದು. ಮೊಂಗೊನ್‌ತೂಲ್ ಮತ್ತು ಬಾತ್‌ಚಿಮೆಗ್ ಇಬ್ಬರೂ ಎರಡೂ ಪಟ್ಟಗಳನ್ನು ಪಡೆದವರು. ಒಂದನ್ನಷ್ಟೇ ಉಲ್ಲೇಖಿಸಿದರೆ ಅವರ ಸಾಧನೆಯ ದೊಡ್ಡ ಭಾಗವೇ ಬಿಟ್ಟುಹೋಗುತ್ತದೆ. ಎಲ್ಲಿಯೂ ಬರಿದೆ ‘ಗ್ರ್ಯಾಂಡ್‌ಮಾಸ್ಟರ್’ ಎಂದು ಬರೆಯಬಾರದು, ಏಕೆಂದರೆ ಅದು 2500 ರೇಟಿಂಗ್ ಕೇಳುವ ಮತ್ತೊಂದೇ ಪಟ್ಟ.

ರೇಟಿಂಗ್ ಜೊತೆಗೆ ನಾರ್ಮ್, ಅಂದರೆ ಒಂದು ಟೂರ್ನಿಯಲ್ಲಿ ಪಟ್ಟಕ್ಕೆ ತಕ್ಕ ಮಟ್ಟದಲ್ಲಿ ಆಡಿ ತೋರಿಸಿದ ಫಲಿತಾಂಶ, ಬೇಕು. ನಾರ್ಮ್ ಎಂದರೇನೆಂಬುದನ್ನು ಓದುಗರಿಗೆ ಒಮ್ಮೆಯಾದರೂ ಲೆಕ್ಕ ಹಾಕಿ ತೋರಿಸುವುದು ಒಳ್ಳೆಯದು. ಒಂಬತ್ತು ಸುತ್ತುಗಳ ಟೂರ್ನಿಯಲ್ಲಿ ಎದುರಾಳಿಗಳ ಸರಾಸರಿ 2210 ಎಂದುಕೊಳ್ಳಿ. ಮಹಿಳಾ ಗ್ರ್ಯಾಂಡ್‌ಮಾಸ್ಟರ್ ನಾರ್ಮ್‌ಗೆ ಬೇಕಾದ ಸಾಧನಾ ಮಟ್ಟ 2400. ಆರೂವರೆ ಅಂಕ ಗಳಿಸಿದರೆ ಶೇ 72ರ ಫಲಿತಾಂಶ. ಫಿಡೆ ಕೋಷ್ಟಕದ ಪ್ರಕಾರ ಆ ಫಲಿತಾಂಶಕ್ಕಾಗಿ ಎದುರಾಳಿಗಳ ಸರಾಸರಿಗೆ 166 ಕೂಡಿಸಬೇಕು, ಬರುವ ಸಾಧನಾ ಮಟ್ಟ 2376. ನಾರ್ಮ್ ಇಲ್ಲ. ಏಳು ಅಂಕ ಗಳಿಸಿದರೆ ಶೇ 78, ಕೂಡಿಸಬೇಕಾದದ್ದು 220, ಮೊತ್ತ 2430. ನಾರ್ಮ್ ಸಿಕ್ಕಿತು. ಕೊನೆಯ ಸುತ್ತಿನಲ್ಲಿ ಡ್ರಾ ಮಾಡಿಕೊಂಡರೆ ಕೈತಪ್ಪುವ, ಗೆದ್ದರೆ ಮಾತ್ರ ಕೈಗೆ ಬರುವ ಸಂದರ್ಭ ಹೀಗೆ ಹುಟ್ಟುತ್ತದೆ. ಇಂಥ ಫಲಿತಾಂಶಗಳನ್ನು ಒಟ್ಟು 27 ಆಟಗಳಾಗುವಷ್ಟು ಕೂಡಿಹಾಕಬೇಕು. ಸಾಮಾನ್ಯವಾಗಿ ಅದು ಮೂರು ಟೂರ್ನಿಗಳ ದುಡಿಮೆ.

ಭೂಗೋಳ ಒಳಗೆ ಬರುವುದು ಇಲ್ಲಿಯೇ. ನಾರ್ಮ್‌ನ ನಿಯಮಗಳು ಸಾಮಾನ್ಯವಾಗಿ ತನ್ನ ದೇಶವಲ್ಲದೆ ಇನ್ನೆರಡಾದರೂ ದೇಶಗಳ ಎದುರಾಳಿಗಳನ್ನೂ, ಪಟ್ಟ ಪಡೆದ ಸಾಕಷ್ಟು ಎದುರಾಳಿಗಳನ್ನೂ ಬಯಸುತ್ತವೆ. ಯುರೋಪಿನ ಆಟಗಾರ್ತಿ ಇಂಥ ಟೂರ್ನಿಗೆ ರೈಲಿನಲ್ಲಿ ಹೋಗಿ ಬರಬಹುದು. ಮಂಗೋಲಿಯಾಕ್ಕೆ ಸಮುದ್ರವಿಲ್ಲ, ಗಡಿ ಹಂಚಿಕೊಂಡಿರುವ ದೇಶಗಳು ರಷ್ಯಾ ಮತ್ತು ಚೀನಾ ಎರಡೇ. ಉಲಾನ್‌ಬಾತರ್‌ನಿಂದ ಹೊರಟವರಿಗೆ ನಾರ್ಮ್ ಟೂರ್ನಿ ಎಂದರೆ ಬಹುತೇಕ ಯಾವಾಗಲೂ ದೂರದ ವಿಮಾನ, ವಾರಗಳ ವಾಸ. ಅದಕ್ಕಾಗಿಯೇ ಎಲ್ಲಿ, ಯಾವ ವರ್ಷ ನಾರ್ಮ್ ದೊರೆಯಿತು ಎಂಬ ವಿವರಕ್ಕೆ ಈ ದೇಶದ ಆಟಗಾರ್ತಿಯರ ಕಥನದಲ್ಲಿ ಹೆಚ್ಚು ಜಾಗ ಕೊಡಬೇಕು. ಕೆಲವು ವಲಯ ಹಾಗೂ ಖಂಡ ಮಟ್ಟದ ಸ್ಪರ್ಧೆಗಳಲ್ಲಿ ಗೆದ್ದವರಿಗೆ ಪಟ್ಟ ನೇರವಾಗಿಯೂ ಸಿಗುತ್ತದೆ. ಯಾವ ದಾರಿಯಿಂದ ಬಂದ ಪಟ್ಟ ಎಂಬುದನ್ನೂ ಹೇಳಿಬಿಡಿ.

ಟೂರ್ನಿಗಳಲ್ಲಿ ಯಾವುದಕ್ಕೆ ಎಷ್ಟು ತೂಕ

ಮಕ್ಕಳ ವಯೋಮಾನದ ಸ್ಪರ್ಧೆಗಳನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಬಹುದು. ವಿಶ್ವ ಮಟ್ಟದಲ್ಲಿ 2016ರಿಂದ 8, 10, 12ರ ವಯೋಮಿತಿಗಳು ಒಂದು ಕಡೆ, 14, 16, 18ರವು ಇನ್ನೊಂದು ಕಡೆ ನಡೆಯುತ್ತಿವೆ ಎಂಬುದನ್ನು ಮಾತ್ರ ಗಮನದಲ್ಲಿಡಿ.

ದೇಶಗಳ ತಂಡಗಳು ಆಡುವ ಒಲಿಂಪಿಯಾಡ್‌ಗೆ ಹೆಚ್ಚು ಸಮಯ ಕೊಡಬೇಕು. ತಂಡ ಸ್ಪರ್ಧೆಗಳ ದಾಖಲೆಗಳಿಗೆ ಮೀಸಲಾದ ಓಲಿಂಪ್‌ಬೇಸ್ ತಾಣದಲ್ಲಿ ಹಳೆಯ ಒಲಿಂಪಿಯಾಡ್‌ಗಳ ಪ್ರತಿ ಆಟಗಾರ್ತಿಯ ಫಲಿತಾಂಶವೂ ಬೋರ್ಡ್‌ವಾರು ಸಿಗುತ್ತದೆ. ಆದರೆ 2006ರ ಟ್ಯೂರಿನ್ ಒಲಿಂಪಿಯಾಡ್‌ವರೆಗೆ ಮಹಿಳಾ ತಂಡಗಳು ಆಡುತ್ತಿದ್ದುದು ಒಂದು ಪಂದ್ಯಕ್ಕೆ ಮೂವರಂತೆ ಮೂರು ಬೋರ್ಡ್‌ಗಳಲ್ಲಿ. 2008ರ ಡ್ರೆಸ್ಡೆನ್‌ನಿಂದ ನಾಲ್ಕು ಬೋರ್ಡ್‌, ಹನ್ನೊಂದು ಸುತ್ತು, ಪಂದ್ಯವಾರು ಅಂಕ. ಹಳೆಯ ಮೂರನೇ ಬೋರ್ಡ್‌ ಇಂದಿನ ಮೂರನೇ ಬೋರ್ಡ್‌ಗೆ ಸಮವಲ್ಲ. ಬರಿಯ ಶೇಕಡಾವಾರು ಗೆಲುವನ್ನೂ ನಂಬಬೇಡಿ. ಮೊದಲ ಬೋರ್ಡ್‌ನಲ್ಲಿ ಕುಳಿತವರು ಪ್ರತಿದಿನ ಎದುರಾಳಿ ದೇಶದ ಅತ್ಯಂತ ಬಲಿಷ್ಠ ಆಟಗಾರ್ತಿಯನ್ನು ಎದುರಿಸುತ್ತಾರೆ. ಅಲ್ಲಿ ಗಳಿಸಿದ ಶೇ 50, ಮೀಸಲು ಬೋರ್ಡ್‌ನ ಶೇ 75ಕ್ಕಿಂತ ಮೇಲಾಗಿರಬಹುದು. ಎದುರಾಳಿಗಳ ಸರಾಸರಿ 2310, ಗಳಿಕೆ ಹತ್ತಕ್ಕೆ ಆರೂವರೆ ಎಂದಿದ್ದರೆ ಸಾಧನಾ ಮಟ್ಟ 2420. ಹೋಲಿಕೆಗೆ ಬಳಸಬೇಕಾದ ಅಂಕಿ ಇದು. 2020ರ ಆನ್‌ಲೈನ್ ಒಲಿಂಪಿಯಾಡ್‌ನಲ್ಲಿ ಇಬ್ಬರು ಪುರುಷರು, ಇಬ್ಬರು ಮಹಿಳೆಯರು, ಒಬ್ಬ ಬಾಲಕ, ಒಬ್ಬ ಬಾಲಕಿ ಸೇರಿದ ಮಿಶ್ರ ತಂಡಗಳಿದ್ದವು. ಆ ಫಲಿತಾಂಶಗಳನ್ನು ಉಳಿದವುಗಳ ಜೊತೆ ಬೆರೆಸದೆ ಪ್ರತ್ಯೇಕವಾಗಿಡಿ.

ಮಹಿಳಾ ವಿಶ್ವ ಚಾಂಪಿಯನ್‌ಷಿಪ್ 2000ದಿಂದ 2018ರವರೆಗೆ ಹಲವು ಬಾರಿ 64 ಮಂದಿಯ ನಾಕೌಟ್ ಆಗಿ ನಡೆಯಿತು: 2008ರಲ್ಲಿ ನಾಲ್ಚಿಕ್, 2010ರಲ್ಲಿ ಅಂತಾಕ್ಯ, 2012ರಲ್ಲಿ ಖಾಂಟಿ-ಮಾನ್ಸಿಸ್ಕ್, 2015ರಲ್ಲಿ ಸೋಚಿ, 2017ರಲ್ಲಿ ಟೆಹರಾನ್. ಮೊದಲ ಸುತ್ತಿನ ಜೋಡಿಗಳ ಶ್ರೇಯಾಂಕಗಳನ್ನು ಕೂಡಿದರೆ ಯಾವಾಗಲೂ 65 ಬರುತ್ತದೆ: 1ನೆಯವರಿಗೆ 64ನೆಯವರು, 25ನೆಯವರಿಗೆ 40ನೆಯವರು. ‘ಮೊದಲ ಸುತ್ತಿನಲ್ಲೇ ಹೊರಬಿದ್ದರು’ ಎಂಬ ವಾಕ್ಯ ಬರೆಯುವ ಮುನ್ನ ಎದುರಿಗಿದ್ದವರ ಶ್ರೇಯಾಂಕ ಎಷ್ಟಿತ್ತು, ಸೋಲು ಎರಡು ದೀರ್ಘ ಆಟಗಳಲ್ಲೇ ಆಯಿತೇ, ಇಲ್ಲವೇ ಸಮಬಲದ ನಂತರ ಕಡಿಮೆ ಸಮಯದ ರ್‍ಯಾಪಿಡ್ ಟೈಬ್ರೇಕ್‌ನಲ್ಲೇ ಎಂದು ನೋಡಿ. ಅಲ್ಲಿಗೆ ಅರ್ಹತೆ ಪಡೆದದ್ದೇ ಒಂದು ವರ್ಷದ ಕಥೆಯಾಗಿರುತ್ತದೆ. ಮಂಗೋಲಿಯಾ ಏಷ್ಯಾದ 3.3ನೇ ವಲಯಕ್ಕೆ ಸೇರಿದ್ದು, ವಿಯೆಟ್ನಾಂ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಅದೇ ವಲಯದಲ್ಲಿವೆ. ಗಡಿಯಾಚೆಯ ಚೀನಾಕ್ಕೆ ತನ್ನದೇ ಪ್ರತ್ಯೇಕ ವಲಯವಿದೆ. ಹೀಗಾಗಿ ಉತ್ತರದ ಚಳಿನಾಡಿನ ಆಟಗಾರ್ತಿಯ ವಲಯದ ಪ್ರತಿಸ್ಪರ್ಧಿಗಳು ಸಮಭಾಜಕ ವೃತ್ತದ ಬಳಿಯ ನಾಡುಗಳವರು. ಇಂಡೊನೇಷ್ಯಾದ ಐರೀನ್ ಖರಿಸ್ಮಾ ಸುಕಂದರ್ ಅಂಥವರ ಹೆಸರು ಎದುರಾಳಿಗಳ ಪಟ್ಟಿಯಲ್ಲಿ ಕಂಡರೆ ಅಚ್ಚರಿಪಡಬೇಕಾಗಿಲ್ಲ.

ತವರಿನಲ್ಲಿ ನಡೆದ ದೊಡ್ಡ ಟೂರ್ನಿಯನ್ನು ಮರೆಯಬೇಡಿ. 2010ರಲ್ಲಿ ಫಿಡೆ ಮಹಿಳಾ ಗ್ರ್ಯಾನ್ ಪ್ರಿ ಸರಣಿಯ ಒಂದು ಹಂತ ಉಲಾನ್‌ಬಾತರ್‌ನಲ್ಲೇ ನಡೆಯಿತು, ಚೀನಾದ ಹೌ ಯಿಫಾನ್ ಗೆದ್ದರು. ಹನ್ನೆರಡು ಮಂದಿ ಪರಸ್ಪರ ಆಡುವ ಈ ಸ್ಪರ್ಧೆಗಳಲ್ಲಿ ಆತಿಥೇಯ ನಗರಗಳಿಗೆ ಆಟಗಾರ್ತಿಯನ್ನು ಸೂಚಿಸುವ ಅವಕಾಶವಿತ್ತು. ಅಂಥ ಅವಕಾಶದಿಂದ ಬಂದವರು ಹನ್ನೊಂದು ದಿನ ವಿಶ್ವದ ಅಗ್ರಗಣ್ಯರನ್ನು ಒಬ್ಬರಾದ ಮೇಲೊಬ್ಬರಂತೆ ಎದುರಿಸಬೇಕಾಗುತ್ತದೆ. ಅಂತಿಮ ಸ್ಥಾನಕ್ಕಿಂತ ಅಲ್ಲಿ ಆಡಿದ ಆಟಗಳೇ ಹೆಚ್ಚು ಮಾತಾಡುತ್ತವೆ.

ಆಟಗಳು, ಮತ್ತು ಮಂಗೋಲಿಯನ್ ವರದಿಗಳು

ಫಲಿತಾಂಶಗಳ ಪಟ್ಟಿ ಸಿದ್ಧವಾದ ಮೇಲೆ ಆಟಗಳನ್ನು ನಿಜವಾಗಿಯೂ ಆಡಿ ನೋಡಬೇಕು. 1994ರಿಂದ ಪ್ರತಿ ವಾರ ಆಟಗಳ ಕಡತಗಳನ್ನು ಹೊರತರುತ್ತಿರುವ ‘ದಿ ವೀಕ್ ಇನ್ ಚೆಸ್’ನಿಂದ ಬಹಳಷ್ಟು ಆಟಗಳು ಉಚಿತವಾಗಿ ದೊರೆಯುತ್ತವೆ. ನಾನು ನಾಲ್ಕು ಆಟಗಳನ್ನು ಆರಿಸುತ್ತೇನೆ: ತಮಗಿಂತ ಬಲಿಷ್ಠರ ಮೇಲೆ ಗೆದ್ದ ಒಂದು, ಬಿಳಿಕಾಯಿಯಲ್ಲಿ ಅವರ ನೆಚ್ಚಿನ ಆರಂಭ ತೋರಿಸುವ ಒಂದು, ದೀರ್ಘ ಅಂತ್ಯದಾಟದ ಒಂದು, ಮತ್ತು ನೋವಿನ ಸೋಲಿನ ಒಂದು. ಕಂಪ್ಯೂಟರ್ ಎಂಜಿನ್ ಹಚ್ಚುವ ಮೊದಲು ಹಲಗೆ ಜೋಡಿಸಿ ಕೈಯಿಂದಲೇ ಕಾಯಿಗಳನ್ನು ನಡೆಸಿ. ಎಂಜಿನ್ ಒಂದು ಕ್ಷಣದಲ್ಲಿ ತಪ್ಪೆಂದು ತೋರಿಸುವ ನಡೆಯನ್ನು ಆಟಗಾರ್ತಿ ಐದನೇ ಗಂಟೆಯಲ್ಲಿ, ಗಡಿಯಾರದಲ್ಲಿ ಒಂದು ನಿಮಿಷವೂ ಉಳಿಯದಿರುವಾಗ ಆಡಿರಬಹುದು. ಆ ಒತ್ತಡ ಕೈಗೆ ತಾಕದೆ ಆ ನಡೆಯ ಬಗ್ಗೆ ತೀರ್ಪು ಕೊಡುವುದು ತರವಲ್ಲ.

ಮಂಗೋಲಿಯನ್ ಭಾಷೆಯ ಸುದ್ದಿಗಳನ್ನು ಯಂತ್ರಾನುವಾದದ ಮೂಲಕ ಓದುವವರಿಗೆ ಕೆಲವು ಪದಗಳು ಗೊತ್ತಿರಲೇಬೇಕು. ಚೆಸ್‌ಗೆ ಅಲ್ಲಿ ‘ಶತರ್’ ಎನ್ನುತ್ತಾರೆ. ಪರ್ಷಿಯನ್ ಶತ್ರಂಜ್‌ನ ಹಾದಿಯಲ್ಲಿ ಹಿಂದಕ್ಕೆ ಹೋದರೆ ಅದು ಚತುರಂಗಕ್ಕೇ ಮುಟ್ಟುತ್ತದೆ. ರಾಜ ‘ನೊಯೊನ್’, ಮಂತ್ರಿ ‘ಬೆರ್ಸ್’, ಕುದುರೆ ‘ಮೊರಿ’, ಕಾಲಾಳು ‘ಖೂ’ ಅಂದರೆ ಮಗ. ನಾವು ಆನೆ ಎನ್ನುವ ಕಾಯಿ ಅವರಿಗೆ ‘ತೆರೆಗ್’, ಅಂದರೆ ಬಂಡಿ. ನಾವು ಒಂಟೆ ಎನ್ನುವ ಕಾಯಿಯನ್ನು ಅವರೂ ‘ತೆಮೆ’ ಎನ್ನುತ್ತಾರೆ, ಅರ್ಥವೂ ಒಂಟೆಯೇ. ಅನುವಾದದಲ್ಲಿ ‘ಒಂಟೆಯನ್ನು ಮಗನಿಗೆ ಬಿಟ್ಟುಕೊಟ್ಟರು’ ಎಂಬಂಥ ವಾಕ್ಯ ಬಂದರೆ ಗಾಬರಿಯಾಗಬೇಡಿ. ಕಾಲಾಳಿಗಾಗಿ ಒಂಟೆಯನ್ನು ಬಲಿಕೊಟ್ಟಿದ್ದಾರೆ. ಹಳೆಯ ಸಾಂಪ್ರದಾಯಿಕ ಶತರ್‌ನ ನಿಯಮಗಳು ಬೇರೆ, ಅಲ್ಲಿ ಕುದುರೆಯಿಂದ ಶಹಮಾತ್ ಮಾಡುವಂತಿಲ್ಲ; ಸುದ್ದಿ ಯಾವ ಆಟದ್ದೆಂದು ಖಚಿತಪಡಿಸಿಕೊಳ್ಳಿ. ‘ಇಖ್ ಮಾಸ್ಟರ್’ ಎಂದರೆ ಗ್ರ್ಯಾಂಡ್‌ಮಾಸ್ಟರ್. ‘ಸ್ಪೋರ್ಟಿನ್ ಮಾಸ್ಟರ್’ ಎಂಬುದು ಮಾತ್ರ ದೇಶದೊಳಗಿನ ಕ್ರೀಡಾ ಗೌರವ, ಫಿಡೆ ಪಟ್ಟವಲ್ಲ. ಇವೆರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿದ ಬರಹಗಳನ್ನು ನಾನು ಓದಿದ್ದೇನೆ.

ಬರೆಯಲು ಕೂತಾಗ

ಹುಟ್ಟಿನಿಂದ ಆರಂಭಿಸುವ ಅಗತ್ಯವಿಲ್ಲ. ರೇಟಿಂಗ್ ನಕ್ಷೆಯ ತೀಕ್ಷ್ಣ ತಿರುವೊಂದನ್ನು ಹಿಡಿದು, ಆ ತಿಂಗಳು ನಡೆದ ಟೂರ್ನಿಗೆ ಹೋಗಿ, ಅಲ್ಲಿನ ಒಂದು ಆಟದಿಂದ ಆರಂಭಿಸಿದರೆ ಓದುಗರು ನೇರವಾಗಿ ಹಲಗೆಯ ಮುಂದೆ ಬಂದು ಕೂರುತ್ತಾರೆ. ಬಾಲ್ಯ, ಪಟ್ಟ, ತಂಡ ಎಲ್ಲವೂ ಅದರ ಹಿಂದೆಯೇ ಬರಬಹುದು. ದೀರ್ಘ ಆಟ, ರ್‍ಯಾಪಿಡ್, ಬ್ಲಿಟ್ಜ್ ಮೂರಕ್ಕೂ 2012ರಿಂದ ಬೇರೆ ಬೇರೆ ರೇಟಿಂಗ್ ಇರುವುದರಿಂದ ಯಾವ ಅಂಕಿ ಯಾವುದರದ್ದು ಎಂದು ಪ್ರತಿ ಬಾರಿಯೂ ನಮೂದಿಸಿ. ಪುರುಷ ಆಟಗಾರರ ಹೋಲಿಕೆಯಲ್ಲೇ ಅವರನ್ನು ಅಳೆಯುವ ವಾಕ್ಯಗಳು ಕರಡಿನಲ್ಲಿ ನುಸುಳಿದ್ದರೆ ತೆಗೆದುಹಾಕಿ. ಎದುರಾಳಿಗಳ ರೇಟಿಂಗ್ ಆ ಕೆಲಸವನ್ನು ಆಗಲೇ ಮಾಡಿರುತ್ತದೆ. ಪ್ರಕಟಿಸುವ ಮುನ್ನ ಗುರುತಿನ ಸಂಖ್ಯೆಯನ್ನು ಹಾಕಿ ಫಿಡೆ ಪುಟವನ್ನು ಮತ್ತೊಮ್ಮೆ ತೆರೆದು, ಹೆಸರು, ಪಟ್ಟ, ಈಗಿನ ರೇಟಿಂಗ್ ಮೂರನ್ನೂ ಸರಿನೋಡಿ, ಅದು ಯಾವ ವರ್ಷದ ಯಾವ ತಿಂಗಳ ಪಟ್ಟಿ ಎಂಬುದನ್ನು ಲೇಖನದೊಳಗೇ ಬರೆಯಿರಿ. ಮುಂದಿನ ತಿಂಗಳ ಒಂದನೇ ತಾರೀಖು ಹೊಸ ಪಟ್ಟಿ ಬರುತ್ತದೆ.